‘ಬರ್ತೀನಿ’ ಅಂದರೆ ಅವನು ಗೇಟಿನಲ್ಲೇ ನಿಲ್ಲುತ್ತಿದ್ದ

ಶಾಲೆಗೆ ಸೇರಿದ ಮೊದಲ ತಿಂಗಳು ಆ ಹುಡುಗ ತರಗತಿಯೊಳಗೆ ಕೂತದ್ದಕ್ಕಿಂತ ಗೇಟಿನ ಹತ್ತಿರ ನಿಂತದ್ದೇ ಜಾಸ್ತಿ. ಬೆಳಿಗ್ಗೆ ಅವನ ಅಮ್ಮ ಬಿಟ್ಟು ಹೋಗುತ್ತಿದ್ದರು. ಅವನು ಗೇಟಿನ ಸರಳು ಹಿಡಿದು, ಅಮ್ಮ ಹೋದ ದಾರಿಯನ್ನೇ ನೋಡುತ್ತಾ ನಿಲ್ಲುತ್ತಿದ್ದ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಶುರುವಾದ ಅಳು ಮುಕ್ಕಾಲು ಗಂಟೆಯಾದರೂ ನಿಲ್ಲುತ್ತಿರಲಿಲ್ಲ. ಎತ್ತಿಕೊಂಡು ಒಳಗೆ ತಂದರೆ ಕಚ್ಚುತ್ತಿದ್ದ. ನನ್ನ ಎಡಗೈ ಮೇಲೆ ಒಂದು ಗುರುತು ಇನ್ನೂ ಇದೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಲಿ-ಕಲಿ ಶಿಕ್ಷಕಿ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ನನ್ನ ತವರು ತಿಪಟೂರು ಕಡೆ. ಇಲ್ಲಿಗೆ ಬಂದಾಗ ನನಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಇಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ.

ಹುಡುಗನ ನಿಜವಾದ ಹೆಸರು ಇಲ್ಲಿ ಬೇಡ. ಪುಟ್ಟು ಅನ್ನುತ್ತೇನೆ. ಒಂದನೇ ತರಗತಿಗೆ ಬಂದಾಗ ಆರು ವರ್ಷ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಮಾತು ತಡವಾದಾಗ ಎಲ್ಲರೂ ‘ಗಂಡುಮಕ್ಕಳಿಗೆ ಮಾತು ತಡವೇ’ ಅಂದಿದ್ದರಂತೆ. ನಮ್ಮ ಬ್ಲಾಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಒಂದು ದಿನ ಶಾಲೆಗೆ ಬಂದವರು ಅವನನ್ನು ನೋಡಿ ಬೆಂಗಳೂರಿಗೆ ಹೋಗಿ ಬನ್ನಿ ಎಂದರು. ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿ ಆಟಿಸಂ ಎಂದು ಹೇಳಿದರು. ಕನ್ನಡದಲ್ಲಿ ಸ್ವಲೀನತೆ ಅಂತ ಬರೆಯುತ್ತಾರೆ. ಅಮ್ಮ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದು, “ಇನ್ನು ಇವನನ್ನು ಶಾಲೆಯಿಂದ ಬಿಡಿಸ್ತೀರಾ ಮೇಡಂ?” ಎಂದು ಕೇಳಿದರು. ಬಿಡಿಸುವ ಹಾಗಿಲ್ಲಮ್ಮ, ಅವನು ಇಲ್ಲೇ ಕಲಿಯಬೇಕು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ ಎಂದು ಹೇಳಿದೆ. ಹೇಳುವಾಗ ಧೈರ್ಯವಿತ್ತು. ಮಾರನೇ ದಿನ ಏನು ಕಲಿಸಬೇಕು ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಒಂದೇ ವಾರದಲ್ಲಿ ಮಾಡಿಬಿಟ್ಟೆ. ದಿನದ ಚಿತ್ರಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಒಳ್ಳೆಯದು ಮಾಡಿದರೆ ನಕ್ಷತ್ರದ ಸ್ಟಿಕ್ಕರ್. ಬೀರುವಿನ ಹಿಂದೆ ಚಾಪೆ ಹಾಕಿ ಒಂದು ಶಾಂತ ಮೂಲೆ. ಜೊತೆಗೆ ಕೂರಲು ಒಬ್ಬಳು ಗೆಳತಿ. ವಾರದ ಕೊನೆಗೆ ಅವನ ಅಳು ಇನ್ನೂ ಹೆಚ್ಚಾಗಿತ್ತು. ಯಾವುದರಿಂದ ಹೆಚ್ಚಾಯಿತು, ಯಾವುದರಿಂದ ಕಡಿಮೆಯಾಗಬಹುದಿತ್ತು ಎಂದು ತಿಳಿಯಲು ದಾರಿಯೇ ಇರಲಿಲ್ಲ. ನಾಲ್ಕು ಔಷಧಿ ಒಟ್ಟಿಗೆ ಕುಡಿಸಿದ ಹಾಗಾಗಿತ್ತು.

ಆಗ ಎಲ್ಲವನ್ನೂ ನಿಲ್ಲಿಸಿ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಪುಟದಲ್ಲಿ ಮೂರು ಮನೆ. ಮೊದಲು ಏನಾಯಿತು, ಅವನೇನು ಮಾಡಿದ, ಆಮೇಲೆ ಏನಾಯಿತು. ಸಮಯ ಸಮೇತ. ಎರಡು ವಾರ ಅಷ್ಟೇ ಕೆಲಸ. 27 ಮಕ್ಕಳ ನಡುವೆ ಬರೆಯುವುದು ಕಷ್ಟ, ನಿಜ. ಒಂದೊಂದು ಸಾಲು ಗೀಚಿಕೊಳ್ಳುತ್ತಿದ್ದೆ. ಯಾವ ಶಿಕ್ಷಕರು ನನ್ನನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ. ಚಿತ್ರಪಟ್ಟಿ ಆಮೇಲೆ, ಕಾರ್ಡು ಆಮೇಲೆ. ಮೊದಲು ಬರೆದುಕೊಳ್ಳಿ.

ಗೇಟಿನ ಗುಟ್ಟು ಬಿಟ್ಟುಕೊಟ್ಟದ್ದು ಆ ನೋಟ್‌ಬುಕ್ಕೇ. ಎರಡನೇ ವಾರದ ಗುರುವಾರ ಅವನು ಅಳಲೇ ಇಲ್ಲ. ಸೀದಾ ಒಳಗೆ ಬಂದು ಕೂತ. ಅವತ್ತು ಏನು ಬೇರೆ ಇತ್ತು? ಪುಟ ತಿರುಗಿಸಿ ನೋಡಿದೆ. ಅವತ್ತು ಬಿಡಲು ಬಂದಿದ್ದು ಅಪ್ಪ. ಅವರು ಮಾತು ಕಡಿಮೆ. ಬೈಕಿನಿಂದ ಇಳಿಸಿ, ಏನೂ ಹೇಳದೆ ತಿರುಗಿಸಿಕೊಂಡು ಹೋಗಿದ್ದರು. ಮಾರನೇ ದಿನ ಅಮ್ಮ ಬಂದಾಗ ನಾನು ಗೇಟಿನ ಪಕ್ಕದಲ್ಲೇ ನಿಂತೆ. ಅಮ್ಮ ಅವನ ತಲೆ ಸವರಿ, “ವಸ್ತಾ ನಾನ್ನಾ” ಎಂದು ಹೊರಟರು.

ವಸ್ತಾ ಅಂದರೆ ಬರ್ತೀನಿ. ನಾವು ಕನ್ನಡದಲ್ಲೂ ಹಾಗೇ ಹೇಳುವುದಲ್ವಾ? ಹೊರಡುವಾಗ ‘ಬರ್ತೀನಿ’ ಅನ್ನುತ್ತೇವೆ. ‘ಹೋಗ್ತೀನಿ’ ಅನ್ನುವುದಿಲ್ಲ. ಪುಟ್ಟುವಿಗೆ ಮಾತು ಎಂದರೆ ಅದರ ನೇರ ಅರ್ಥ ಮಾತ್ರ. ಅಮ್ಮ ಬರ್ತೀನಿ ಅಂದಿದ್ದಾಳೆ, ಹಾಗಾದರೆ ಬರುತ್ತಾಳೆ. ಅವನು ಗೇಟಿನಲ್ಲಿ ಕಾಯುತ್ತಿದ್ದ. ಹತ್ತು ನಿಮಿಷ ಕಾದರೂ ಬರಲಿಲ್ಲ ಎಂದಾಗ ಅಳುತ್ತಿದ್ದ. ಒಂದು ತಿಂಗಳು ನಾವೆಲ್ಲ ಅದನ್ನು ಹಟ ಎಂದು ಕರೆದಿದ್ದೆವು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಮ್ಮನಿಗೆ ವಿಷಯ ಹೇಳಿದೆ. ಹೊರಡುವಾಗ ಹೋಗ್ತೀನಿ ಅಂತಲೇ ಹೇಳಿ ಎಂದೆ. ಅವನ ಅಜ್ಜಿ ಸುತರಾಂ ಒಪ್ಪಲಿಲ್ಲ. “ಹೊರಡೋ ಹೊತ್ತಲ್ಲಿ ಆ ಮಾತು ಆಡಬಾರದು ಮೇಡಂ, ಒಳ್ಳೇದಲ್ಲ” ಎಂದರು. ಅವರ ಮಾತನ್ನು ತಳ್ಳಿಹಾಕುವುದು ನನಗೂ ಸರಿ ಕಾಣಲಿಲ್ಲ. ನನ್ನ ಅಮ್ಮನೂ ಅದನ್ನೇ ಹೇಳುತ್ತಿದ್ದರು. ಕೊನೆಗೆ ಬರ್ತೀನಿ ಅನ್ನುವುದನ್ನು ಹಾಗೇ ಉಳಿಸಿ, ಹೊತ್ತು ಸೇರಿಸೋಣ ಎಂದಾಯಿತು. ಅಮ್ಮ “ನಾಲ್ಕು ಗಂಟೆಗೆ ಬರ್ತೀನಿ” ಎಂದು ತೆಲುಗಿನಲ್ಲಿ ಹೇಳತೊಡಗಿದರು. ಪುಟ್ಟುವಿಗೆ ಅಂಕಿ ಚೆನ್ನಾಗಿ ಗೊತ್ತಿತ್ತು. ಆದರೆ ನಮ್ಮ ಶಾಲೆ ಬಿಡುವುದು 4:20ಕ್ಕೆ. ಮೊದಲ ದಿನ ಬೆಳಿಗ್ಗೆ ಅಳು ಅರ್ಧಕ್ಕೆ ಇಳಿಯಿತು. ಸರಿಯಾಗಿ 4 ಗಂಟೆಗೆ ಮತ್ತೆ ಶುರುವಾಗಿ 20 ನಿಮಿಷ ನಡೆಯಿತು. ಮಾರನೇ ದಿನದಿಂದ “ನಾಲುಗು ಇರವೈಕಿ ವಸ್ತಾ” ಎಂದಾಯಿತು. ಒಂದು ಕಾರ್ಡಿನಲ್ಲಿ ಅಮ್ಮನ ಫೋಟೋ, ಕೆಳಗೆ 4:20. ಅದು ಅವನ ಜೇಬಿನಲ್ಲೇ ಇರುತ್ತಿತ್ತು. ಅಳು ಪೂರ್ತಿ ನಿಲ್ಲಲು ಹನ್ನೊಂದು ದಿನ ಹಿಡಿಯಿತು.

ಹೀಗೆ ಹೊತ್ತನ್ನು ಅಂಕಿಯಲ್ಲಿ ತೋರಿಸುವುದೇ ನಮ್ಮನ್ನು ಗಂಟೆಯ ತೊಂದರೆಯಿಂದಲೂ ಪಾರು ಮಾಡಿತು. ನಮ್ಮ ಶಾಲೆಯ ಗಂಟೆ ಎಂದರೆ ರೈಲು ಹಳಿಯ ಒಂದು ತುಂಡು. ಜಗಲಿಯ ಜಂತಿಗೆ ನೇತು ಹಾಕಿದ್ದೇವೆ, ಕಬ್ಬಿಣದ ಸಲಾಕೆಯಿಂದ ಬಾರಿಸುತ್ತೇವೆ. ಪ್ರತಿ ಸಲ ಬಾರಿಸಿದಾಗಲೂ ಪುಟ್ಟು ಕಿವಿ ಮುಚ್ಚಿ ನೆಲಕ್ಕೆ ಬೀಳುತ್ತಿದ್ದ. ಆ ಸದ್ದು ಅವನಿಗೆ ನೋವೇ ಕೊಡುತ್ತದೆ. ಅವನ ಕೈಯಲ್ಲೇ ಬಾರಿಸಿದರೆ ಹೆದರಿಕೆ ಹೋಗುತ್ತದೆ ಎಂದು ಯಾರೋ ಹೇಳಿದರು. ಸಲಾಕೆ ಕೊಟ್ಟೆ. ಒಂದೇ ಏಟು, ಸಲಾಕೆ ಬಿಸಾಡಿ ಹೊಲದ ಕಡೆ ಓಡಿಹೋದ. ಆಮೇಲೆ ಗೋಡೆ ಗಡಿಯಾರದಲ್ಲಿ ಗಂಟೆ ಬಾರಿಸುವ ಜಾಗಕ್ಕೆ ಹಣೆಗಿಡುವ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಅದೂ ತಪ್ಪಾಯಿತು. ದೊಡ್ಡ ಮುಳ್ಳು ಗಂಟೆಗೊಮ್ಮೆ ಆ ಬೊಟ್ಟಿಗೆ ಬರುತ್ತದೆ. ಅವನು ಗಂಟೆಗೊಮ್ಮೆ ಕಿವಿ ಮುಚ್ಚಿಕೊಂಡು, ಬರದ ಸದ್ದಿಗೆ ಕಾಯುತ್ತಾ ಕೂರುತ್ತಿದ್ದ. ಕೊನೆಗೆ ಅಂಕಿ ತೋರಿಸುವ ಚಿಕ್ಕ ಡಿಜಿಟಲ್ ಗಡಿಯಾರ ತಂದೆ. ಪಕ್ಕದಲ್ಲಿ 11:30, 1:00 ಎಂದು ದೊಡ್ಡದಾಗಿ ಬರೆದ ಕಾರ್ಡುಗಳು. ಕಾರ್ಡಿನ ಅಂಕಿಯೂ ಗಡಿಯಾರದ ಅಂಕಿಯೂ ಒಂದೇ ಆಗುವ ಮೊದಲೇ ಅವನು ಎದ್ದು ಬೀರುವಿನ ಹಿಂದಿನ ಚಾಪೆಗೆ ಹೋಗಿ ಕಿವಿ ಮುಚ್ಚಿ ಕೂರುತ್ತಾನೆ. ಸದ್ದು ಮುಗಿದ ಮೇಲೆ ತಾನೇ ಎದ್ದು ಬರುತ್ತಾನೆ. ಸದ್ದು ಕಡಿಮೆಯಾಗಿಲ್ಲ. ಯಾವಾಗ ಬರುತ್ತದೆ ಎಂದು ಅವನಿಗೆ ಗೊತ್ತಾಗಿದೆ, ಅಷ್ಟೇ.

ನಲಿ-ಕಲಿ ಬಗ್ಗೆ ಒಂದು ಮಾತು. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ನನಗೆ ಇದರ ಮೇಲೆ ತುಂಬ ಪ್ರೀತಿ. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ, ಕಾರ್ಡಿನ ಮೇಲಿನ ಚಿತ್ರ ನೋಡಿ ಮುಂದಿನ ಹೆಜ್ಜೆ ತಾನೇ ತಿಳಿದುಕೊಳ್ಳುತ್ತದೆ. ಆಟಿಸಂ ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಆದರೆ ನಲಿ-ಕಲಿ ಕೋಣೆಯಲ್ಲಿ ಐದು ಗುಂಪು ಒಟ್ಟಿಗೆ ಮಾತಾಡುತ್ತವೆ. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳು ಮಾಡಿದ ಬಣ್ಣದ ಕಾಗದಗಳು. ಫ್ಯಾನ್ ಹಾಕಿದರೆ ಎಲ್ಲವೂ ಅಲ್ಲಾಡುತ್ತವೆ. ಪುಟ್ಟು ದಿನವಿಡೀ ಮೇಲೆಯೇ ನೋಡುತ್ತಿದ್ದ. ಗಮನ ಇಲ್ಲ ಎಂದು ನಾನು ಬರೆದುಕೊಂಡಿದ್ದೆ. ಒಂದು ದಿನ ಅವನ ಜಾಗದಲ್ಲಿ ನಾನೇ ಕೂತು ನೋಡಿದೆ. ಕಣ್ಣ ಮುಂದೆ ನೂರು ಕಾಗದ ಕುಣಿಯುತ್ತಿದ್ದವು. ಗೋಡೆ ಕಡೆಗೆ ಮುಖ ಮಾಡಿ ಅವನಿಗೆ ಜಾಗ ಕೊಟ್ಟು, ಆ ಮೂಲೆಯ ಚಪ್ಪರ ಬಿಚ್ಚಿದೆ. ಉಳಿದ ಮಕ್ಕಳ ಕಾಗದಗಳನ್ನು ಜಗಲಿಗೆ ಕಟ್ಟಿದೆವು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ಬಿಡಿಸಿದ ಚಿತ್ರಪಟ್ಟಿ ಯಾಕೆ ಸೋತಿತು ಎಂಬುದೂ ಆಗ ಗೊತ್ತಾಯಿತು. ನಾನು ಬರೆದ ‘ಊಟ’ದ ಚಿತ್ರದಲ್ಲಿ ಬಾಳೆಲೆ ಇತ್ತು. ನಮ್ಮ ಶಾಲೆಯಲ್ಲಿ ಸ್ಟೀಲ್ ತಟ್ಟೆ. ಅವನಿಗೆ ಅದು ಊಟವೇ ಅಲ್ಲ. ಫೋನಿನಲ್ಲಿ ನಮ್ಮದೇ ತಟ್ಟೆ, ನಮ್ಮದೇ ಬಾವಿಕಟ್ಟೆ, ನಮ್ಮದೇ ಕಾರ್ಡಿನ ಗೂಡಿನ ಫೋಟೋ ತೆಗೆದು, ಪಟ್ಟಣಕ್ಕೆ ಹೋದಾಗ ಪ್ರಿಂಟ್ ಹಾಕಿಸಿ ತಂದೆ. ಒಂದು ದಾರಕ್ಕೆ ಬಟ್ಟೆ ಕ್ಲಿಪ್‌ನಲ್ಲಿ ಸಿಕ್ಕಿಸಿದೆ. ಒಂದು ಕೆಲಸ ಮುಗಿದ ಕೂಡಲೇ ಆ ಫೋಟೋ ತೆಗೆದು ‘ಆಯ್ತು’ ಎಂದು ಬರೆದ ಬಿಸ್ಕತ್ ಡಬ್ಬಕ್ಕೆ ಹಾಕಬೇಕು. ಅವನು ಶಾಲೆಯಲ್ಲಿ ತಾನಾಗಿ ಆಡಿದ ಮೊದಲ ಕನ್ನಡ ಪದ ‘ಆಯ್ತು’. ಡಬ್ಬದ ಮುಚ್ಚಳ ಹಾಕುತ್ತಾ ಹೇಳಿದ. ಸಣ್ಣ ದನಿ, ಆದರೆ ಕೋಣೆಯವರೆಲ್ಲ ಕೇಳಿಸಿಕೊಂಡರು.

ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣಬೇಕು. ಇದು ಅವನಿಗೆ ತುಂಬ ಮುಖ್ಯ. ‘ಬರೀತಾ ಇರು’ ಎಂದರೆ ಅವನಿಗೆ ಕೊನೆಯೇ ಇಲ್ಲದ ಶಿಕ್ಷೆ. ಅದಕ್ಕೇ ಎಡಗಡೆ ಒಂದು ಬಿದಿರಿನ ತಟ್ಟೆ, ಬಲಗಡೆ ಇನ್ನೊಂದು. ಎಡಗಡೆ ಐದು ಕಾರ್ಡು. ಒಂದೊಂದೇ ಮುಗಿಸಿ ಬಲಕ್ಕೆ. ಎಡ ತಟ್ಟೆ ಖಾಲಿಯಾದರೆ ಮುಗಿಯಿತು. ನಾನು ಆಸೆಬಿದ್ದು ಆರನೆಯದನ್ನು ಸೇರಿಸುವ ಹಾಗಿಲ್ಲ. ಒಂದು ಸಲ ಸೇರಿಸಿದೆ. ಮೂರು ದಿನ ಅವನು ಆ ತಟ್ಟೆಗಳ ಹತ್ತಿರ ಬರಲಿಲ್ಲ.

ನನ್ನ ಮಾತನ್ನೂ ಬದಲಿಸಬೇಕಾಯಿತು. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ನಾವು ಶಿಕ್ಷಕರು ಒಂದೇ ವಿಷಯವನ್ನು ಮೂರು ರೀತಿಯಲ್ಲಿ ಹೇಳುತ್ತೇವೆ. ‘ಕೂತ್ಕೋ ಪುಟ್ಟು. ಬಾ, ನಿನ್ನ ಜಾಗಕ್ಕೆ ಬಾ. ಎಲ್ಲಾರೂ ಕೂತಿದಾರೆ ನೋಡು.’ ಅವನು ಮೊದಲನೆಯದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮೂರನೆಯದು ಬಂದಿರುತ್ತದೆ. ಈಗ ಒಂದೇ ಸಲ, ಎರಡೇ ಪದ. ಆಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಎಷ್ಟೋ ಸಲ ಎಂಟು, ಒಂಬತ್ತಕ್ಕೆ ಅವನು ಏಳುತ್ತಾನೆ.

ಕನ್ನಡದ್ದೇ ಕೆಲವು ತೊಡಕುಗಳಿವೆ. ‘ತೆಗಿ’ ಎಂಬ ಒಂದು ಪದ ನೋಡಿ. ಬಾಗಿಲು ತೆಗಿ ಎಂದರೆ ಬಿಡಿಸು. ಚಪ್ಪಲಿ ತೆಗಿ ಎಂದರೆ ಕಾಲಿನಿಂದ ಕಳಚು. ಕಸ ತೆಗಿ ಎಂದರೆ ಆಚೆ ಹಾಕು. ನಾನು ದಿನಾ “ಪುಸ್ತಕ ತೆಗಿ” ಎನ್ನುತ್ತಿದ್ದೆ, ಅವನು ದಿನಾ ಪುಸ್ತಕ ಎತ್ತಿಕೊಂಡು ಹೋಗಿ ಬಾಗಿಲಾಚೆ ಇಟ್ಟು ಬರುತ್ತಿದ್ದ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ ಮಗುವನ್ನು ನಾನು ಗದರಿದ್ದೇನೆ. ಈಗ “ಪುಸ್ತಕ ಬಿಡಿಸು” ಎನ್ನುತ್ತೇನೆ. ‘ಹಾಕು’ ಕೂಡ ಹಾಗೇ. ಬಾಗಿಲು ಹಾಕು, ನೀರು ಹಾಕು, ಅಂಗಿ ಹಾಕು, ಎಲ್ಲಕ್ಕೂ ಅದೇ. ಇಂಥ ಪದಗಳ ಒಂದು ಪಟ್ಟಿಯೇ ನನ್ನ ಮೇಜಿನ ಗಾಜಿನ ಕೆಳಗಿದೆ. ಅದು ನನಗಾಗಿ, ಅವನಿಗಲ್ಲ.

ಅವನ ಮಾತನ್ನೂ ನಾನು ಕಲಿಯಬೇಕಿತ್ತು. ಬಾಯಾರಿದರೆ ಅವನು “ನೀಳ್ಳು ಕಾವಾಲಾ?” ಎನ್ನುತ್ತಿದ್ದ. ನೀರು ಬೇಕಾ ಎಂದು ನನ್ನನ್ನೇ ಕೇಳಿದ ಹಾಗೆ. ಬೇಡ ಪುಟ್ಟು ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಮನೆಯಲ್ಲಿ ಅಮ್ಮ ಹಾಗೆ ಕೇಳಿದ ಮೇಲೆ ನೀರು ಸಿಗುತ್ತದೆ, ಆದ್ದರಿಂದ ನೀರು ಬೇಕಾದಾಗ ಆ ಪ್ರಶ್ನೆಯನ್ನೇ ಹೇಳಬೇಕು ಎಂದು ಅವನು ಕಲಿತಿದ್ದ. ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುವ ಇದಕ್ಕೆ ಎಕೋಲೇಲಿಯ ಎನ್ನುತ್ತಾರೆ. ಅರ್ಥವಿಲ್ಲದ ಗಿಣಿಪಾಠ ಎಂದು ಯಾರೂ ತಿಳಿಯಬಾರದು. ಅವನು ಹಾಗೆಂದ ಕೂಡಲೇ ನಾನು ಲೋಟ ಹಿಡಿದು “ನೀರು ಬೇಕು” ಎಂದು ಅವನ ಪರವಾಗಿ ಹೇಳಿ ಕೊಡುತ್ತಿದ್ದೆ. ಅವನು ಹೇಳಲಿ ಎಂದು ಕಾಯುತ್ತಿರಲಿಲ್ಲ. ನಾಲ್ಕು ತಿಂಗಳ ಮೇಲೆ ಅವನೇ “ನೀರು ಬೇಕು” ಎಂದ.

ಒಂದು ಸಲ ಅವನ ಮನೆಗೆ ಹೋಗಿದ್ದಾಗ ಅಜ್ಜಿ ನನಗೆ ಯಾವ ತರಬೇತಿಯಲ್ಲೂ ಸಿಗದ ಮಾತೊಂದನ್ನು ಹೇಳಿದರು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ತಿನ್ನುವುದಿಲ್ಲ. ನಾನು ಹೋದ ಹೊತ್ತಿಗೆ ಪುಟ್ಟು ಹೊಸಬರನ್ನು ಕಂಡು ಮೂಲೆಯಲ್ಲಿ ಮುದುಡಿ ಕೂತಿದ್ದ. ನಾನು ಮಾತಾಡಿಸಲು ಹೋದೆ. ಅಜ್ಜಿ ತಡೆದರು. “ಜ್ವರಕ್ಕೆ ಕೂತವ್ನೆ ಬಿಡಿ ಮೇಡಂ. ಜ್ವರದಲ್ಲಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ?”

ಅವನು ಕುಸಿದು ಹೋದಾಗ ನಾನು ಮಾಡುತ್ತಿದ್ದದ್ದು ಅದನ್ನೇ. ಏನಾಯ್ತು ಪುಟ್ಟು, ಯಾಕೆ ಅಳ್ತೀಯ, ನೋಡು ಇಲ್ಲಿ, ಬಿಸ್ಕತ್ ಬೇಕಾ. ಸೊಪ್ಪಿನ ಮೇಲೆ ಸೊಪ್ಪು. ಆಮೇಲಿಂದ ಆ ಹೊತ್ತಿನಲ್ಲಿ ಮಾತು ನಿಲ್ಲಿಸಿದೆ. ಚಾಪೆಯ ಮೂಲೆಗೆ ದಾರಿ ಬಿಡುತ್ತೇನೆ, ಫ್ಯಾನ್ ಆರಿಸುತ್ತೇನೆ, ಮಕ್ಕಳಿಗೆ ಕಣ್ಣಲ್ಲೇ ಹೇಳುತ್ತೇನೆ. ತನಗೋ ಬೇರೆಯವರಿಗೋ ಪೆಟ್ಟಾಗದಂತೆ ನೋಡಿಕೊಳ್ಳುತ್ತಾ ದೂರದಲ್ಲಿ ಕೂರುತ್ತೇನೆ. ಮುಂಚೆ ಅರ್ಧ ಗಂಟೆ ಹಿಡಿಯುತ್ತಿದ್ದದ್ದು ಎಂಟು, ಹತ್ತು ನಿಮಿಷಕ್ಕೆ ಬಂತು. ಈಗ ನಮ್ಮ ತರಗತಿಯಲ್ಲಿ ಎಲ್ಲ ಮಕ್ಕಳೂ “ಪುಟ್ಟು ಜ್ವರಕ್ಕೆ ಕೂತವ್ನೆ ಮಿಸ್” ಎನ್ನುತ್ತಾರೆ, ಸದ್ದು ಕಡಿಮೆ ಮಾಡುತ್ತಾರೆ. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಲಿಲ್ಲ.

ಅಕ್ಷರದ ವಿಷಯಕ್ಕೆ ಬರುತ್ತೇನೆ. ಪುಟ್ಟು ಶಾಲೆಗೆ ಬರುವ ಮೊದಲೇ ಫೋನಿನ ವಿಡಿಯೋ ನೋಡಿ 49 ಅಕ್ಷರವನ್ನೂ ಕಲಿತಿದ್ದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅ ಇಂದ ಳ ವರೆಗೆ ಒಂದೇ ಉಸಿರಿಗೆ ಬರೆಯುತ್ತಿದ್ದ. ನಲಿ-ಕಲಿಯಲ್ಲಿ ನಾವು ಶುರು ಮಾಡುವುದು ರ, ಗ, ಸ, ದ, ಅ ಎಂದು. ಬರೆಯಲು ಸುಲಭ, ಬೇಗ ಸರ, ಗರಗಸ, ಅರಸ ಎಂದು ಪದ ಕಟ್ಟಬಹುದು. ಒಳ್ಳೆಯ ಕ್ರಮವೇ. ಪುಟ್ಟುವಿಗೆ ಮಾತ್ರ ಅದು ಲೋಕವೇ ತಲೆಕೆಳಗಾದ ಹಾಗೆ. ರ ಕಾರ್ಡು ಮೊದಲು ಇಟ್ಟರೆ ಕಿತ್ತು ಎಸೆದು “ಅ! ಅ!” ಎಂದು ಕಿರುಚುತ್ತಿದ್ದ.

ಮೊದಲು ಅವನನ್ನು ಒಗ್ಗಿಸಲು ನೋಡಿದೆ. ಆಗಲಿಲ್ಲ. ಆಮೇಲೆ ಉದ್ದ ರಟ್ಟಿನ ಮೇಲೆ 49 ಜೇಬು ಅಂಟಿಸಿ, ಪ್ರತಿ ಜೇಬಿನಲ್ಲಿ ಅದರದೇ ಅಕ್ಷರದ ಕಾರ್ಡು ಇಟ್ಟೆ, ವರ್ಣಮಾಲೆಯ ಕ್ರಮದಲ್ಲೇ. “ರ ಕೊಡು” ಎಂದರೆ ಅವನು ರ ಮನೆಯಿಂದ ರ ತೆಗೆದು ಕೊಡುತ್ತಾನೆ. ಸ ಮನೆಯಿಂದ ಸ. ಎರಡೂ ಸೇರಿ ‘ಸರ’ ಆಗುತ್ತದೆ. ಓದಿದ ಮೇಲೆ ಎರಡೂ ತಮ್ಮ ತಮ್ಮ ಮನೆಗೆ ವಾಪಸ್. ಅವನ ಕ್ರಮ ಕೆಡಲಿಲ್ಲ, ನನ್ನ ಪಾಠವೂ ನಿಲ್ಲಲಿಲ್ಲ. ಹೀಗೆ ಮೂರು ವಾರಕ್ಕೆ ಅವನು ಎರಡಕ್ಷರದ ಪದಗಳಿಗೆ ಬಂದ. ಕಾಗುಣಿತವಂತೂ ಅವನಿಗೆ ಹಬ್ಬ. ಕ ಕಾ ಕಿ ಕೀ ಎಂಬ ಸಾಲು ಎಲ್ಲ ವ್ಯಂಜನಕ್ಕೂ ಒಂದೇ ಥರ ನಡೆಯುತ್ತದಲ್ಲ, ಅದರಲ್ಲಿ ಅವನಿಗೆ ಸಿಗುವ ಖುಷಿ ಮುಖದಲ್ಲೇ ಕಾಣುತ್ತಿತ್ತು.

ಓದು ಬಂತು, ಅರ್ಥ ಬರಲಿಲ್ಲ. ‘ಹಸು ಹುಲ್ಲು ತಿನ್ನುತ್ತದೆ’ ಎಂದು ಸರಾಗ ಓದುತ್ತಿದ್ದ. ಹಸು ಏನು ತಿನ್ನುತ್ತದೆ ಎಂದು ಕೇಳಿದರೆ “ಹಸು ಏನು ತಿನ್ನುತ್ತದೆ” ಎನ್ನುತ್ತಿದ್ದ. ಅವನ ಮನೆಯಲ್ಲಿ ಹಸು ಇಲ್ಲ. ಇರುವುದು ಹುಳು. ಶಾಲೆ ಬಿಟ್ಟ ಮೇಲೆ ಅವನು ಹುಳುಮನೆ ಬಾಗಿಲಲ್ಲೇ ಕೂತಿರುತ್ತಾನೆ ಎಂದು ಅಮ್ಮ ಹೇಳಿದ್ದರು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ. ಗಂಟೆಯ ಸದ್ದು ತಾಳದ ಮಗು ಆ ಸದ್ದಿನಲ್ಲಿ ಗಂಟೆಗಟ್ಟಲೆ ಕೂರುತ್ತಿತ್ತು.

ಅಪ್ಪನ ಸಹಾಯದಿಂದ ಒಂದು ಬೆಳೆ ಪೂರ್ತಿ ಫೋಟೋ ತೆಗೆಸಿದೆ. ಮೊಟ್ಟೆ, ಚಾಕಿ ಹುಳು ಅಂದರೆ ಮರಿಹುಳು, ನಾಲ್ಕು ಜ್ವರ, ಹಣ್ಣಾದ ಹುಳು, ಹುಳು ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ, ಗೂಡು. ಸುಮಾರು ಒಂದು ತಿಂಗಳ ಕಥೆ. ಒಂದು ಪುಟಕ್ಕೆ ಒಂದು ಫೋಟೋ, ಒಂದು ವಾಕ್ಯ, ಮೂರೇ ಪದ. ‘ಹುಳು ಸೊಪ್ಪು ತಿನ್ನುತ್ತದೆ.’ ಸೊಪ್ಪು ಪದದ ಕೆಳಗೆ ಚಿಕ್ಕದಾಗಿ ‘ಆಕು’ ಎಂದು ಅವನ ಮನೆಮಾತನ್ನೂ ಕನ್ನಡ ಲಿಪಿಯಲ್ಲೇ ಬರೆದೆ. ಪ್ರಶ್ನೆ ಕೇಳುವುದನ್ನು ಬಿಟ್ಟೆ. “ಹುಳು…” ಎಂದು ಹೇಳಿ ನಿಲ್ಲಿಸುತ್ತಿದ್ದೆ. ಖಾಲಿ ಬಿಟ್ಟ ಜಾಗವನ್ನು ಅವನಿಗೆ ಹಾಗೇ ಬಿಡಲಾಗುವುದಿಲ್ಲ. “ಸೊಪ್ಪು ತಿನ್ನುತ್ತದೆ” ಎಂದು ತುಂಬುತ್ತಿದ್ದ. ಕೆಲವು ವಾರ ಹೀಗೇ ನಡೆದ ಮೇಲೆ, ಉತ್ತರದ ಕಾರ್ಡು ಮುಂದಿಟ್ಟು ‘ಏನು’ ಎಂಬ ಪದ ಸೇರಿಸಿದೆ. ಕೊನೆಗೆ ಕಾರ್ಡು ತೆಗೆದೆ. ಹುಳು ಏನು ತಿನ್ನುತ್ತದೆ? ಅವನು ನನ್ನ ಮುಖ ನೋಡಲಿಲ್ಲ, ಕಿಟಕಿ ನೋಡುತ್ತಾ “ಆಕು” ಎಂದ. ಸ್ವಲ್ಪ ತಡೆದು, “ಸೊಪ್ಪು” ಎಂದ. ನನ್ನ ಕಣ್ಣು ನೋಡಿ ಉತ್ತರ ಹೇಳಲಿ ಎಂದು ನಾನು ಕೇಳುವುದಿಲ್ಲ. ನೋಡಿದರೆ ಅವನಿಗೆ ಕೇಳಿಸಿಕೊಳ್ಳುವುದು ಕಷ್ಟ.

ಲೆಕ್ಕಕ್ಕೂ ಅದೇ ಪುಸ್ತಕ ದಾರಿಯಾಯಿತು. ಒಂದನೇ, ಎರಡನೇ, ಮೂರನೇ ಎಂಬ ಕ್ರಮ ಜ್ವರಗಳಿಂದ ಬಂತು. ದಿನಕ್ಕೆ ಎಷ್ಟು ಸಲ ಸೊಪ್ಪು, ವಾರಕ್ಕೆ ಎಷ್ಟು ಎಂದು ಕೂಡುವುದು ಬಂತು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮುಚ್ಚಿಡುವುದಿಲ್ಲ. ಒಂದು ದಿನ ಅವನು ಪಕ್ಕದ ಹುಡುಗಿಯನ್ನು ತಳ್ಳಿದಾಗ ಹುಳು ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಟ್ಟೆ. ತಳ್ಳಿದ್ದಕ್ಕೂ ಪುಸ್ತಕಕ್ಕೂ ಅವನಿಗೆ ಯಾವ ಸಂಬಂಧವೂ ಕಾಣಲಿಲ್ಲ. ಪುಸ್ತಕ ಹೋಯಿತು, ಅಷ್ಟೇ ಗೊತ್ತಾಯಿತು. ವಾಪಸ್ ಕೊಟ್ಟರೂ ಎಂಟು ದಿನ ಅದನ್ನು ಮುಟ್ಟಲಿಲ್ಲ. ಮಗುವಿಗೆ ತುಂಬ ಇಷ್ಟವಾದದ್ದನ್ನು ಶಿಕ್ಷೆಗೂ ಬಳಸಬಾರದು, ಲಂಚಕ್ಕೂ ಬಳಸಬಾರದು ಎಂದು ಅವತ್ತಿನಿಂದ ನನ್ನ ಪಕ್ಕಾ ಅಭಿಪ್ರಾಯ. ಅದು ಅವನು ಕಲಿಕೆಗೆ ಬರುವ ಬಾಗಿಲು. ಅದಕ್ಕೆ ಬೀಗ ಹಾಕಿದರೆ ಹೊರಗೆ ನಿಲ್ಲುವವರು ನಾವೇ.

ನಕ್ಷತ್ರದ ಸ್ಟಿಕ್ಕರ್ ಅವನಿಗೆ ಬೇಕಿರಲಿಲ್ಲ. ಚಪ್ಪಾಳೆಯಂತೂ ಬೇಡವೇ ಬೇಡ. 27 ಮಕ್ಕಳು ಒಟ್ಟಿಗೆ ತಟ್ಟಿದರೆ ಅವನಿಗೆ ಅದು ಬಹುಮಾನವಲ್ಲ. ಮಕ್ಕಳೇ ಒಂದು ಉಪಾಯ ಮಾಡಿಕೊಂಡರು. ಎರಡೂ ಕೈ ಮೇಲೆತ್ತಿ ಬೆರಳು ಆಡಿಸುತ್ತಾರೆ. ಶಾಲೆಯಲ್ಲಿ ಕೊಡುವ ಹಾಲನ್ನು ಅವನು ಕುಡಿಯುತ್ತಿರಲಿಲ್ಲ. ಆ ಸಮಸ್ಯೆಯನ್ನೂ ಒಬ್ಬ ಹುಡುಗಿಯೇ ಬಿಡಿಸಿದಳು. “ಅವ್ನಿಗೆ ಕೆನೆ ಆಗಲ್ಲ ಮಿಸ್, ಮೊದಲ್ನೇ ಲೋಟ ಅವ್ನಿಗೇ ಕೊಡಿ” ಎಂದಳು. ಕೊಟ್ಟೆವು, ಕುಡಿದ.

ಬಿಐಇಆರ್‌ಟಿ ಜೊತೆ ಕೂತು ಅವನಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಬರೆದಾಗ ಗುರಿಗಳನ್ನು ತುಂಬ ಚಿಕ್ಕದಾಗಿಟ್ಟೆವು. ‘ಸಂವಹನ ಸುಧಾರಿಸುವುದು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ನೀರು, ಮೂತ್ರ, ಸಾಕು, ಈ ಮೂರನ್ನು ಕಾರ್ಡು ತೋರಿಸಿ ಅಥವಾ ಹೇಳಿ ಕೇಳುವುದು’ ಎಂದು ಬರೆದೆವು. ‘ಸಾಕು’ ಎಂದು ಹೇಳಲು ಕಲಿಸಿದ್ದು ಎಲ್ಲಕ್ಕಿಂತ ದೊಡ್ಡ ಲಾಭ. ಸಾಕು ಎನ್ನಲು ಬಂದ ಮೇಲೆ ಕಚ್ಚುವುದು ನಿಂತಿತು.

ಪುಟ್ಟು ಈಗ ಮೂರನೇ ತರಗತಿ. ಅವನ ಬಗ್ಗೆ ಇಷ್ಟೆಲ್ಲ ಗೊತ್ತಾದ ಮೇಲೆ ನನಗೆ ದಾರಿ ತಿಳಿಯಿತು ಎಂದುಕೊಂಡಿದ್ದೆ. ಈ ವರ್ಷ ಒಂದನೇ ತರಗತಿಗೆ ಒಬ್ಬಳು ಹುಡುಗಿ ಬಂದಿದ್ದಾಳೆ. ಅವಳಿಗೂ ಆಟಿಸಂ. ಒಂದು ಮಾತೂ ಆಡುವುದಿಲ್ಲ. ಫೋಟೋ ಪಟ್ಟಿ ಕಟ್ಟಿದೆ, ಕ್ಲಿಪ್ಪುಗಳನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಫೋಟೋದ ತಟ್ಟೆಗೂ ನಿಜವಾದ ತಟ್ಟೆಗೂ ಸಂಬಂಧ ಇದೆ ಎಂದು ಅವಳಿಗೆ ಇನ್ನೂ ಅನ್ನಿಸಿಲ್ಲ. ಅದಕ್ಕೇ ಊಟದ ಹೊತ್ತಿಗೆ ಅವಳ ಕೈಗೆ ತಟ್ಟೆಯನ್ನೇ ಕೊಡುತ್ತೇನೆ, ಆಟಕ್ಕೆ ಹೊರಡುವಾಗ ಚೆಂಡು. ಗೋಡೆ ಕಡೆ ಮುಖ ಮಾಡಿ ಕೂರಿಸಿದರೆ ನಿಲ್ಲುವುದಿಲ್ಲ, ಅವಳಿಗೆ ಮಕ್ಕಳ ನಡುವೆಯೇ ಇರಬೇಕು. ಹಾಡಿದರೆ ಹತ್ತಿರ ಬರುತ್ತಾಳೆ. ಪುಟ್ಟು ಹಾಡಿಗೆ ಎದ್ದು ಹೋಗುತ್ತಿದ್ದ.

ಅವಳಿಗಾಗಿ ಹೊಸ ನೋಟ್‌ಬುಕ್ ಇಟ್ಟಿದ್ದೇನೆ. ಅದೇ ಮೂರು ಮನೆ. ಮೂರು ವಾರದಿಂದ ಅದರಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರುತ್ತಿದೆ. ಗಂಟೆ ಬಾರಿಸುವ ಮೊದಲೇ ಪುಟ್ಟು ಬೀರುವಿನ ಹಿಂದೆ ಹೋಗುತ್ತಾನೆ, ಬಾರಿಸಿದ ಕೂಡಲೇ ಅವಳು ಜಗಲಿಗೆ ಓಡುತ್ತಾಳೆ. ಬಾರಿಸುವುದು ನಿಂತ ಮೇಲೂ ಆ ಹಳಿ ತುಂಡಿಗೆ ಕಿವಿ ಒತ್ತಿ ನಿಂತಿರುತ್ತಾಳೆ. ಎಳೆದುಕೊಂಡು ಬರುವುದೇ ಕಷ್ಟ. ಮೊನ್ನೆ ಎಳೆಯಲಿಲ್ಲ. ನಾನೂ ಪಕ್ಕದಲ್ಲಿ ನಿಂತು ಇನ್ನೊಂದು ಕಡೆಯಿಂದ ಕಿವಿ ಇಟ್ಟೆ. ಹೊರಗೆ ಸದ್ದು ಮುಗಿದು ತುಂಬ ಹೊತ್ತಾಗಿತ್ತು. ಒಳಗೆ ಇನ್ನೂ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹಳಿ ಕೆನ್ನೆಗೆ ತಣ್ಣಗೆ ನಡುಗುತ್ತಿತ್ತು. ಅದು ಪೂರ್ತಿ ನಿಂತ ಮೇಲೆ ಅವಳು ತಾನೇ ಕಿವಿ ತೆಗೆದು ಒಳಗೆ ನಡೆದಳು. ಸಮಯ ನೋಡಿ ಬರೆದುಕೊಂಡಿದ್ದೇನೆ.